ಕೊನೆಯ ತಿರುಪಿನ ಕೆಳಗಿನ ಭಂಡಾರ

ಈ ಕಂತು ಬರೆಯಲು ನಾನು ತಕ್ಕವಳಲ್ಲ. ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಕಲಿತ ಬರವಣಿಗೆ ನನ್ನದು. ಹಳೆಯ ಯಂತ್ರಗಳ ವಿಷಯದಲ್ಲಿ ನನಗೆ ಗೊತ್ತಿರುವುದು ನಮ್ಮ ಪತ್ತೇದಾರಿ ಕಚೇರಿ ನಡೆಸುವ ಭಾವುಸಾಹೇಬರು ದಾರಿಯಲ್ಲಿ ಹೇಳಿಕೊಟ್ಟಷ್ಟೇ. ಎಲ್ಲಾದರೂ ತಪ್ಪಿದ್ದರೆ ಅದು ನನ್ನ ತಪ್ಪು. ಬರೆಯದೆ ಸುಮ್ಮನಿದ್ದರೆ ಒಬ್ಬ ಮನುಷ್ಯನಿಗೆ ಕಳ್ಳನೆಂಬ ಹೆಸರೇ ಉಳಿದುಬಿಡುತ್ತದೆ. ಆ ಹೆದರಿಕೆಗೆ ಬರೆಯುತ್ತಿದ್ದೇನೆ, ಓದುಗರು ಕ್ಷಮಿಸಬೇಕು.

ರಾಜಾರಾಮ ಗ್ರಾಮಾಫೋನಿನ ಮೇಲಿನ ಶಾಲನ್ನು ಎಳೆದುಹಾಕಿದ.

“ನೋಡ್ಕೋರ್ರಿ. ಕೊಳ್ಳಾಕ ಬಂದ ಮುಂಬೈ ಮಂದಿ ನೋಡಿ ನಕಲಿ ಅಂತ ಹೇಳಿ ಹೋಗ್ಯಾರ. ಇನ್ನ ಚಿಕ್ಕೋಡಿ ಮಂದಿ ನೋಡೂದೊಂದು ಬಾಕಿ ಇತ್ತು.”

ಕಾಗವಾಡದ ಹೊರಗೆ, ದ್ರಾಕ್ಷಿ ತೋಟದ ನಡುವೆ ಅವನ ಮನೆ. ಪಡಸಾಲೆಯ ಕಿಟಕಿಯಿಂದ ಸಾಲುಸಾಲು ಗೊನೆಗಳು ಕಾಣುತ್ತಿದ್ದವು. ಪ್ರತಿ ಗೊನೆಗೂ ಗುಲಾಬಿ ಬಣ್ಣದ ತೆಳು ಕಾಗದ ಸುತ್ತಿತ್ತು.

“ದ್ರಾಕ್ಷಿಗೆ ಗುಲಾಬಿ ಸೀರಿ ಉಡಿಸೀರಲ್ಲ ಧಣ್ಯಾರ,” ಎಂದರು ಭಾವುಸಾಹೇಬರು. “ಉಳದವ್ರು ಹಳೇ ಪೇಪರ್ ಸುತ್ತತಾರ.”

“ನಾಶಿಕದಿಂದ ತರಿಸೇನಿ. ಈ ಸುತ್ತಿನಾಗ ಈ ಬಣ್ಣ ನನ್ನ ತ್ವಾಟದಾಗ ಅಷ್ಟ.”

“ಲಗ್ನದ ಮನಿ ಕಂಡಂಗ ಕಾಣತೈತಿ.”

ರಾಜಾರಾಮ ನಗಲಿಲ್ಲ.

ನಿಪ್ಪಾಣಿಯ ಉಸ್ಮಾನ ಈ ಯಂತ್ರವನ್ನು ರಿಪೇರಿ ಮಾಡಿ ಚಂಪಾಷಷ್ಠಿಯ ದಿನ ಇಲ್ಲಿಗೆ ತಂದ. ತಂದವನು ಮನೆಗೆ ಹಿಂತಿರುಗಲಿಲ್ಲ. ಅಸಲಿ ಸೌಂಡ್ ಬಾಕ್ಸನ್ನು ಕದ್ದು, ನಕಲಿ ಕೂಡಿಸಿ ಓಡಿಹೋಗಿದ್ದಾನೆಂದು ರಾಜಾರಾಮ ಪೊಲೀಸರಿಗೆ ದೂರು ಕೊಟ್ಟಿದ್ದ.

ಉಸ್ಮಾನನ ಹೆಂಡತಿ ಶಹಜಾದಬಿ ಚಿಕ್ಕೋಡಿಯ ನಮ್ಮ ಕಚೇರಿಗೆ ಬಂದಿದ್ದಳು. ಬಸ್ ನಿಲ್ದಾಣದೆದುರಿನ ಮಾಳಿಗೆಯ ಆ ಕೋಣೆಯಲ್ಲಿ ನಾವು ಮಾಡುವುದು ಹೆಚ್ಚಾಗಿ ಲಗ್ನದ ಗಂಡಿನ ವಿಚಾರಣೆ: ಕುಡಿಯುತ್ತಾನೋ, ಹೊಲ ನಿಜವಾಗಿ ಇದೆಯೋ. ನಾಪತ್ತೆಯಾದ ಮನುಷ್ಯನನ್ನು ಹುಡುಕುವ ಧೈರ್ಯ ನನಗಂತೂ ಇರಲಿಲ್ಲ. ಅವಳು ಕುರ್ಚಿಯ ತುದಿಯಲ್ಲಿ ಕೂತು, ಗಂಡ ಕೆಲಸ ಮಾಡುವ ರೀತಿಯನ್ನೆಲ್ಲ ಹೇಳಿ, ಕೊನೆಗೆ ಅಂದದ್ದು ಇಷ್ಟು.

“ಆ ಡಬ್ಬಿ ನಕಲಿ ಇದ್ದರ ನಮ್ಮವರು ಕಳ್ಳರು. ಕಳ್ಳರು ಅಂದ್ರ ಎಲ್ಲೋ ಅಡಗಿ ಕುಂತಾರ, ಉಸಿರಾಡಾಕತ್ತಾರ. ಅಸಲಿ ಇದ್ದರ...”

ಅಸಲಿಯಾಗಿದ್ದರೆ ಉಸ್ಮಾನನಿಗೆ ಓಡಿಹೋಗುವ ಕಾರಣವೇ ಇರಲಿಲ್ಲ. ಓಡಿಹೋಗದವನು ಮನೆಗೆ ಬಂದಿಲ್ಲವೆಂದರೆ ಅದಕ್ಕೆ ಒಂದೇ ಅರ್ಥ.

ಹೀಗಾಗಿ ಆ ಪಡಸಾಲೆಯಲ್ಲಿ ನಿಂತು, ದೇವರೇ, ಇದು ನಕಲಿಯೇ ಆಗಿರಲಿ ಎಂದು ಬೇಡಿಕೊಂಡೆ. ಕಳ್ಳತನ ನಿಜವಾಗಲಿ ಎಂದು ನಾನು ಬೇಡಿದ್ದು ಅದೇ ಮೊದಲು.

ಭಾವುಸಾಹೇಬರು ಸೌಂಡ್ ಬಾಕ್ಸನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ದುಂಡನೆಯ ಪುಟ್ಟ ಡಬ್ಬಿ. ಅದರ ಮುಳ್ಳು ತಟ್ಟೆಯ ಗೆರೆಯಲ್ಲಿ ಓಡುವಾಗ ಒಳಗಿನ ಅಭ್ರಕದ ಹಾಳೆ ನಡುಗಿ ದನಿ ಹುಟ್ಟುತ್ತದೆ. ಡಬ್ಬಿಯಿಲ್ಲದಿದ್ದರೆ ಅಷ್ಟು ದೊಡ್ಡ ಯಂತ್ರ ಬರೀ ಕಟ್ಟಿಗೆಯ ಪೆಟ್ಟಿಗೆ.

“ಬಣ್ಣ ಏನ ಹೇಳತೈತಿ ಅನುಸೂಯಾ?”

ಅವರು ದಾರಿಯಲ್ಲಿ ಹೇಳಿದ್ದನ್ನು ನೆನಪು ಮಾಡಿಕೊಂಡೆ. ಹಳೆಯ ಕಂಪನಿಗಳು ಹಿತ್ತಾಳೆಯ ಮೇಲೆ ನಿಕ್ಕಲ್ ಹೊದಿಸುತ್ತಿದ್ದವು. ಅದರ ಹೊಳಪು ಮಂದ, ಮಜ್ಜಿಗೆಯ ಹಾಗೆ ತುಸು ಹಳದಿ. ಈಗಿನ ನಕಲಿಗಳಿಗೆ ಹಾಕುವುದು ಕ್ರೋಮ್. ಅದು ಹೊಸ ಸ್ಟೀಲ್ ತಾಟಿನಂತೆ ನೀಲಿ ಹೊಡೆಯುತ್ತದೆ. ಅಗ್ಗದ ನಕಲಿಗಳಿಗೆ ಏನನ್ನೂ ಹೊದಿಸುವುದಿಲ್ಲ.

“ಬರೀ ಹಿತ್ತಾಳಿ ಐತ್ರಿ,” ಎಂದೆ. ಗುಡಿಯ ಸಮೆ ದೀಪದ ಹಾಗೆ ಅದು ಥಳಥಳ ಹೊಳೆಯುತ್ತಿತ್ತು.

“ಮುಂಬೈಯವ್ರೂ ಇದನ್ನ ಹೇಳಿದ್ರು,” ಎಂದ ರಾಜಾರಾಮ.

“ನಂಬರ್?”

ಅಸಲಿಯ ಅಂಕಿಗಳನ್ನು ಉಕ್ಕಿನ ಅಚ್ಚಿನಿಂದ ಹೊಡೆದಿರುತ್ತಾರೆ. ಅಂಚು ಉಗುರಿಗೆ ತಾಕುತ್ತದೆ. ನಕಲಿಯನ್ನು ಅಸಲಿಯ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಅಂಕಿಗಳು ಬಳಸಿದ ಸಾಬೂನಿನ ಮೇಲಿನ ಅಕ್ಷರದ ಹಾಗೆ ದುಂಡಗಾಗಿರುತ್ತವೆ. ನಾನು ಉಗುರು ಆಡಿಸಿದೆ. ಅಂಕಿಗಳು ದುಂಡಗಿದ್ದವು.

ರಬ್ಬರ್ ನೋಡಿದರು. ಹಳೆಯದಾಗಿದ್ದರೆ ಕಲ್ಲಾಗಿರಬೇಕಿತ್ತು, ಇದು ಮೆತ್ತಗಿತ್ತು. ಆದರೆ ಸೈಕಲ್ ಟ್ಯೂಬನ್ನು ತಾನೇ ಕತ್ತರಿಸಿ ಕೊಟ್ಟದ್ದಾಗಿ ಶಹಜಾದಬಿ ಹೇಳಿದ್ದಳು, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಅಭ್ರಕ ನಿಜವಾದದ್ದೇ, ಅಂಚಿನಲ್ಲಿ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಬಿಟ್ಟಿತ್ತು. ಅದು ಮಿರಜದ ವಾದ್ಯದ ಅಂಗಡಿಗಳಲ್ಲೂ ಸಿಗುತ್ತದೆ.

“ನಕಲಿ ಅನ್ನಸತೈತ್ರಿ,” ಎಂದೆ. ನನ್ನ ದನಿಯಲ್ಲಿ ಸಂತೋಷವಿತ್ತು. ರಾಜಾರಾಮ ನನ್ನನ್ನು ವಿಚಿತ್ರವಾಗಿ ನೋಡಿದ.

ಆಗ ಅಕ್ಕವ್ವ ಚಹಾ ತಂದಳು. ಆಕೆ ರಾಜಾರಾಮನ ಸೋದರತ್ತೆ. ಗಂಡ ತೀರಿದ ಮೇಲೆ ತವರಿಗೆ ಬಂದು ಈ ಮನೆ ನಡೆಸಿಕೊಂಡು ಹೋಗುತ್ತಿರುವವಳು. ಈಗ ಮನೆಯಲ್ಲಿರುವ ಹೆಂಗಸು ಆಕೆಯೊಬ್ಬಳೇ. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬಂದಳು.

“ಈ ಡಬ್ಬಿಗೆ ಏನ ಹೊಳಪ ಇಟ್ಟೀರಿ ಅಕ್ಕವ್ವಾರ!” ಎಂದರು ಭಾವುಸಾಹೇಬರು. “ಮಾರಿ ನೋಡ್ಕೋಬಹುದು.”

“ನಿಮ್ಮ ಮಾರಿ ನೋಡ್ಕೊಂಡು ಏನ ಮಾಡ್ತೀರಿ, ಇದ್ದಷ್ಟ ಇರತೈತಿ,” ಎಂದಳು ಅಕ್ಕವ್ವ. ಆದರೆ ಹೊಗಳಿಕೆ ಅವಳಿಗೆ ತಟ್ಟಿತ್ತು. “ಹೊಳೀದ ಏನ ಮಾಡೀತು? ವರ್ಷಾ ಖಂಡೇನವಮಿಗೆ ಹುಣಸಿಹುಳಿ, ಬೂದಿ, ತೆಂಗಿನ ನಾರು ಹಾಕಿ ತಿಕ್ಕತೇನಿ. ಕುಡಗೋಲು, ಕೊಡ್ಲಿ, ಪಂಪಿನ ಪಾನಾ, ಈ ಹಾಡೂ ಪೆಟಿಗಿ, ದೇವರ ಮುಂದ ಎಲ್ಲಾ ಒಂದ. ತಿಕ್ಕಿ, ಮಂಗಸೂಳಿ ಮಲ್ಲಯ್ಯನ ಭಂಡಾರ ಹಚ್ಚೂದು.”

“ಮೊದಲಿಂದ ಹಿಂಗ ಬಂಗಾರದಂಗ ಇತ್ತೇನ್ರಿ?”

“ಎಲ್ಲೀದು! ಮ್ಯಾಲೆ ಬೆಳ್ಳಗ ಏನೋ ಬಳದಿದ್ದರು. ಹೊಲಸ ಅಂತ ತಿಕ್ಕೇ ತಿಕ್ಕಿದೆ. ಬಿಡಲಿಲ್ಲ. ನಾನೂ ಬಿಡಲಿಲ್ಲ. ಕಡೀಕ ಬಂಗಾರ ಹೊರಗ ಬಂತು ನೋಡ್ರಿ.”

ಭಾವುಸಾಹೇಬರು ಚಹಾದ ಕಪ್ಪನ್ನು ಕೆಳಗಿಟ್ಟರು.

ನಿಕ್ಕಲ್ ಹೋದದ್ದು ಹುಣಸೆಹುಳಿಗೆ, ಅಂಕಿಗಳ ಅಂಚು ಸವೆದದ್ದು ತೆಂಗಿನ ನಾರಿಗೆ. ಕದ್ದು ಹಾಕಿದ ನಕಲಿಯಂತೆ ಕಾಣುತ್ತಿದ್ದದ್ದು ಒಬ್ಬ ಹೆಣ್ಣುಮಗಳ ವರ್ಷಾನುಗಟ್ಟಲೆಯ ಭಕ್ತಿಯೂ ಆಗಿರಬಹುದು. ಮುಂಬೈಯಿಂದ ಬಂದವನು ಡಬ್ಬಿಯನ್ನು ಭೂತಗನ್ನಡಿಯಲ್ಲಿ ನೋಡಿದ್ದ. ತಿಕ್ಕಿದ ಕೈ ಯಾವುದೆಂದು ಕೇಳಿರಲಿಲ್ಲ.

ಆದರೂ ಇನ್ನೂ ಏನೂ ತೀರ್ಮಾನವಾಗಿರಲಿಲ್ಲ. ಅಸಲಿಯೂ ಹೀಗೇ ಕಾಣುತ್ತದೆ, ನಕಲಿಯೂ ಹೀಗೇ ಕಾಣುತ್ತದೆ.

“ತಿರುಪು ಬಿಚ್ಚೂಣು,” ಎಂದರು ಭಾವುಸಾಹೇಬರು.

ಡಬ್ಬಿಯ ಮುಖದ ಬಳೆಯನ್ನು ಮೂರು ತಿರುಪುಗಳು ಹಿಡಿದಿದ್ದವು. ಮೊದಲನೆಯದನ್ನು ತೆಗೆದು ಬೆಳಕಿಗೆ ಹಿಡಿದರು. ತಿರುಪಿನ ಸುತ್ತುಗಳ ಸಂದಿಯಲ್ಲಿ ಹಳದಿಕಪ್ಪು ಕಿಟ್ಟ ಗಟ್ಟಿಯಾಗಿ ಕೂತಿತ್ತು. ಎಣ್ಣೆ ಕುಡಿದು, ಒಣಗಿ, ಮತ್ತೆ ಎಣ್ಣೆ ಕುಡಿದು ಕಲ್ಲಾದ ಕಿಟ್ಟ. ಎರಡನೆಯದರಲ್ಲೂ ಅದೇ. ಡಬ್ಬಿಯ ತೂತುಗಳ ಒಳಗೋಡೆಯಲ್ಲೂ ಅದೇ.

“ಪಾಲಿಶ್ ಇರಬೇಕು,” ಎಂದ ರಾಜಾರಾಮ.

ಭಾವುಸಾಹೇಬರು ಅಂಗಿಯ ಕಿಸೆಯಿಂದ ತಂಬಾಕಿನ ಡಬ್ಬಿ ತೆಗೆದರು. ಬೆರಳ ತುದಿಗೆ ಸುಣ್ಣ ಹಚ್ಚಿಕೊಂಡು ಕಿಟ್ಟಕ್ಕೆ ತಾಗಿಸಿದರು. ನಾವೆಲ್ಲ ಬಗ್ಗಿ ನೋಡಿದೆವು. ಹಳದಿ ಮೆಲ್ಲಗೆ ಕೆಂಪಾಯಿತು.

“ಅರಿಷಿಣ,” ಎಂದಳು ಅಕ್ಕವ್ವ. “ಮಲ್ಲಯ್ಯನ ಭಂಡಾರ ಅದು. ಸುಣ್ಣಕ್ಕ ಕೆಂಪ ತಿರಗಲಾರದ ಎಲ್ಲಿ ಹೋದೀತು?”

ವರ್ಷವರ್ಷವೂ ಹಚ್ಚಿದ ಭಂಡಾರ ಎಣ್ಣೆಯ ಜೊತೆ ಒಳಗಿಳಿದು ತೂತಿನ ಗೋಡೆಗೇ ಕಚ್ಚಿಕೊಂಡಿತ್ತು. ಹೊಸದಾಗಿ ಎರಕ ಹೊಯ್ದ ಡಬ್ಬಿಯೊಳಗೆ ಅಷ್ಟು ವರ್ಷಗಳನ್ನು ಯಾರೂ ತುಂಬಲಾರರು.

ಡಬ್ಬಿ ಅಸಲಿ.

ಶಹಜಾದಬಿಯ ಮುಖ ನೆನಪಾಯಿತು. ಕಿಟಕಿಯ ಹೊರಗೆ ನೋಡಿದೆ.

“ಧಣ್ಯಾರ,” ಎಂದರು ಭಾವುಸಾಹೇಬರು, “ನಿಮ್ಮ ಮಾಲು ನಿಮ್ಮ ಮನ್ಯಾಗ ಐತಿ. ಯಾರೂ ಕದ್ದಿಲ್ಲ.”

ಕಳೆದುಹೋಯಿತೆಂದುಕೊಂಡ ವಸ್ತು ಸಿಕ್ಕರೆ ಮನುಷ್ಯ ಹೇಗಾಗುತ್ತಾನೆ? ಎಮ್ಮೆ ಸಿಕ್ಕರೂ ಪೇಢೆ ಹಂಚುವ ಸೀಮೆ ನಮ್ಮದು. ರಾಜಾರಾಮ ಹಿಂದಕ್ಕೆ ಕೈಚಾಚಿ ಕುರ್ಚಿ ಹುಡುಕಿ ಕೂತ. ಮುಖ ಬೂದಿಯಾಗಿತ್ತು.

“ಇನ್ನೊಮ್ಮೆ ನೋಡ್ರಿ,” ಎಂದ.

“ನೋಡಿದೆ.”

“ಮುಂಬೈಯವ್ರು ಹೇಳ್ಯಾರ...”

“ಅವ್ರು ತಪ್ಪಿದ್ರು. ಖುಷಿ ಆಗಬೇಕಲ್ರಿ? ಯಾಕ ಹಿಂಗ ಬೆವತೀರಿ?”

“ಅಂವಾ ಬದಲಿ ಮಾಡೇ ಮಾಡ್ಯಾನ!” ರಾಜಾರಾಮನ ದನಿ ಒಡೆಯಿತು. “ಮಾಡಿರಲೇಬೇಕು.”

ಭಾವುಸಾಹೇಬರು ಮೂರನೆಯ ತಿರುಪನ್ನು ಬಿಚ್ಚಿದರು. ಅದರ ತಲೆಯ ಕೆಳಗಿನಿಂದ ಒಣ ಹಳದಿ ಪುಡಿ ಪುರಪುರನೆ ಉದುರಿ ಮೇಜಿನ ಮೇಲೆ ಬಿತ್ತು. ಹೊಚ್ಚ ಹಳದಿ. ಎಣ್ಣೆ ತಾಗದ, ಬೆಳಕು ಕಾಣದ ಪುಡಿ.

ಶಹಜಾದಬಿ ಹೇಳಿದ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು. “ದೇವರ ಭಂಡಾರ ಒರಸಬಾರದು ಅಂತಿದ್ದರು ನಮ್ಮವರು. ಬಿಚ್ಚಿದಾಗ ಉದರಿದ್ದನ್ನ ಕಾಗದದಾಗ ಕಟ್ಟತಿದ್ದರು. ತಾವು ವಾಪಸ ಹಾಕತಿದ್ದಿಲ್ಲ. ಹಚ್ಚಿದ ಮನ್ಯಾವ್ರ ಹಾಕಬೇಕು ಅಂತ. ಕಡೀ ತಿರುಪು ಸಡ್ಲ ಬಿಟ್ಟು ಒಯ್ಯತಿದ್ದರು. ಅವರ ಮನ್ಯಾಗ ಕುಂತು, ಆ ಮನಿ ಹೆಣಮಗಳ ಕೈಲೆ ಹಾಕಿಸಿ, ಆಮ್ಯಾಲೆ ಬಿಗಿ ಮಾಡತಿದ್ದರು.”

ಉಸ್ಮಾನನ ರಿಪೇರಿ ಮುಗಿಯುತ್ತಿದ್ದದ್ದು ಅವನ ಅಂಗಡಿಯಲ್ಲಲ್ಲ, ಗಿರಾಕಿಯ ಪಡಸಾಲೆಯಲ್ಲಿ.

“ನಿಮ್ಮ ದೂರಿನಾಗ ಏನೈತಿ?” ಭಾವುಸಾಹೇಬರು ಕೇಳಿದರು. “ಚಂಪಾಛಟ್ಟಿಗೆ ಎಲ್ಲಾರೂ ಮಂಗಸೂಳಿಗೆ ಹೋಗಿದ್ವಿ. ಮನಿಗೆ ಕೀಲಿ ಇತ್ತು. ಉಸ್ಮಾನ ಗೇಟಿನಾಗ ಪೆಟಿಗಿ ಇಟ್ಟು ಹ್ವಾದ, ಯಾರೂ ಅಂವನ ಮಾರಿ ನೋಡಿಲ್ಲ. ಹೌದಿಲ್ಲ?”

“ಹೌದು.”

“ಹಂಗಾದ್ರ ಈ ತಿರುಪಿನ ಕೆಳಗ ಭಂಡಾರ ಯಾರ ಹಾಕಿದ್ರು?”

“ಅಂವನ ಹಾಕಿರಬೇಕು.”

“ಅಂವಾ ಹಾಕಾಂವಲ್ಲ. ಈ ಐದೂ ತಾಲೂಕಿನ್ಯಾಗ ಅಂವನ ಕಡೆ ರಿಪೇರಿ ಮಾಡಿಸಿದವ್ರನ್ನ ಕೇಳ್ರಿ. ಮನಿ ಹೆಣಮಗಳು ಹಾಕಬೇಕು. ಅಂದ್ರ ಅಂವಾ ಒಳಗ ಬಂದಿದ್ದ. ಇಲ್ಲೇ ಕುಂತಿದ್ದ.”

ಕಪ್ಪು ಬಸಿಗಳು ಕಿಣಿಕಿಣಿ ಸದ್ದು ಮಾಡಿದವು. ಅಕ್ಕವ್ವ ತಾಟನ್ನು ಮೇಜಿನ ಮೇಲೆ ಇಟ್ಟುಬಿಟ್ಟಿದ್ದಳು.

“ಅತ್ತಿ,” ಎಂದ ರಾಜಾರಾಮ, ಅವಳ ಕಡೆ ನೋಡದೆ. “ಒಳಗ ನಡಿ.”

“ರಾಜು...”

“ಒಳಗ ನಡಿ ಅಂದ್ನೆಲ್ಲ!”

ಆಕೆ ಒಳಗೆ ಹೋದಳು. ರಾಜಾರಾಮ ಎದ್ದು ಶಾಲನ್ನು ಯಂತ್ರದ ಮೇಲೆ ಎಳೆದ.

“ನೋಡೂದ ಆತಲ್ಲ? ನೀವಿನ್ನ ಹೊಂಡ್ರಿ. ತಿರುಪಿನಾಗ ಅರಿಷಿಣ ಸಿಕ್ತಂತ ಠಾಣೇದಾಗ ಹೇಳ್ರಿ, ನಗತಾರ.”

ಅವನು ಹೇಳಿದ್ದು ನಿಜವೇ ಆಗಿತ್ತು. ನಗುತ್ತಾರೆ.

ನಾವು ಚಪ್ಪಲಿ ಮೆಟ್ಟುವಾಗ ನಡುಮನೆಯ ಬಾಗಿಲಿನಿಂದ ಅಕ್ಕವ್ವ ನನ್ನನ್ನು ಕರೆದಳು. “ಹೆಣಮಗಳು ಬರೀ ಹಣಿಲೆ ಹೋಗಬಾರದವಾ. ಬಾ ಇಲ್ಲೆ.” ಮನೆಗೆ ಬಂದ ಹೆಂಗಸಿಗೆ ಭಂಡಾರ ಹಚ್ಚಿ ಕಳಿಸುವುದನ್ನು ರಾಜಾರಾಮನೂ ಬೇಡವೆನ್ನಲಾರ. ಅವನು ಹೊಸ್ತಿಲಲ್ಲೇ ನಿಂತ, ಕಿವಿ ನಮ್ಮ ಕಡೆ.

ಆಕೆ ನನ್ನ ಹಣೆಗೆ ಹಳದಿ ಎಳೆಯುತ್ತ, ತುಟಿ ಅಲುಗಿಸದೆ, ನನಗಷ್ಟೇ ಕೇಳುವಂತೆ ಹೇಳಿದಳು.

“ಮೊಣಕಾಲ ನೋವಿಗೆ ನಾ ಗುಡಿಗೆ ಹೋಗಿದ್ದಿಲ್ಲ. ರಾಜೂನೂ ಇಲ್ಲೇ ಇದ್ದ. ಭಂಡಾರ ನಾನ ಹಾಕಿದೆ. ಚಾ ಕೊಟ್ಟೆ. ಚಲೋ ಮನಷ್ಯಾ ಅಂವಾ, ಬಸಿ ತೊಳದ ಇಟ್ಟ. ಆಮ್ಯಾಲೆ ಇಬ್ಬರೂ ಜಗಳಾಡಕೋತ ಹಿತ್ತಲ ಬಾಗಲಾ ದಾಟಿದ್ರು. ಹ್ವಾದದ್ದು ನೋಡೇನಿ. ಬಂದದ್ದು ನೋಡಿಲ್ಲ.”

“ಜಗಳ ಯಾತಕ್ಕರಿ?”

“‘ಹೇಳಿದಂಗ ಯಾಕ ಮಾಡಲಿಲ್ಲ’ ಅಂತ ಇಂವಾ. ‘ನನ್ನ ಕೈಲೆ ಆಗಲಿಲ್ರಿ’ ಅಂತ ಅಂವಾ. ‘ಸುಳ್ಳ ಹೇಳತೀ, ಅಸಲೀದು ನೀನ ಇಟ್ಕೊಂಡೀ’ ಅಂತ ಮತ್ತ ಇಂವಾ.” ಆಕೆ ನನ್ನ ಅಂಗೈಗೂ ಒಂದು ಚಿಟಿಕೆ ಭಂಡಾರ ಇಟ್ಟು ಬೆರಳು ಮುಚ್ಚಿದಳು. “ಆ ಹೆಣಮಗಳಿಗೆ ಹೇಳು. ಕೈಯಾಗ ಬಳಿ ಇಡು ಅಂತನೂ ಹೇಳಲಾರೆ. ಒಡಿ ಅಂತನೂ ಹೇಳಲಾರೆ.”

“ಠಾಣೇಕ ಬರ್ತೀರಾ?”

“ನಾ ಎತ್ತಿ ಆಡಿಸಿದ ಕೂಸು ಅದು,” ಎಂದಳು. ಅಷ್ಟು ಹೇಳಿ ಒಳಗೆ ಹೋದಳು.

ಮನೆಯ ಹಿಂದೆ ಏನಿತ್ತೆಂದು ಗೇಟಿನಿಂದ ತಿರುಗಿ ನೋಡಿದೆ. ಗುಲಾಬಿ ಕಾಗದದ ಗೊನೆಗಳು, ಅವುಗಳಾಚೆ ಆಳೆತ್ತರದ ಕಬ್ಬು. ಮತ್ತೇನೂ ಕಾಣಲಿಲ್ಲ.

ನಿಪ್ಪಾಣಿಯ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಭಾವುಸಾಹೇಬರ ಹಳೆಯ ಕಾರು ಅವುಗಳ ಹಿಂದೆ ತೆವಳಿತು.

“ಹೇಳಿದಂಗ ಮಾಡಲಿಲ್ಲ ಅಂದ್ರ ಏನಿರಬೇಕ್ರಿ?” ಎಂದು ಕೇಳಿದೆ.

“ಗೊತ್ತಿಲ್ಲ.” ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿ, “ಪೊಲೀಸರ ಮುಂದ ಅಕ್ಕವ್ವ ಈ ಮಾತ ಆಡಾಂಗಿಲ್ಲ. ನಿನಗ ಹೇಳಿದ್ದು ಹಣೀಮ್ಯಾಲಿನ ಭಂಡಾರ ಇದ್ದಂಗ. ಸಂಜೀಕ ಅಳಸತೈತಿ,” ಎಂದರು.

ನನ್ನ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು.

ಶಹಜಾದಬಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಮುಖ ನೋಡಿ ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಅವಳು ನಗುತ್ತಿದ್ದಳು. ಹಸಿರು ಬಳೆಗಳ ಕೈಯಿಂದ ನನ್ನನ್ನು ಒಳಗೆ ಎಳೆದುಕೊಂಡಳು.

“ಬರ್ರಿ ಬಾಯಿ, ಬರ್ರಿ. ನಮ್ಮವರು ಅದಾರ! ಹೇಳಿ ಕಳಿಸ್ಯಾರ!”

“ಯಾರು ಹೇಳಿದ್ರು?” ಎಂದರು ಭಾವುಸಾಹೇಬರು.

“ಈಗ ಫೋನ್ ಬಂದಿತ್ತು. ಯಾರೋ ಗಂಡಸು, ಹೆಸರು ಹೇಳಲಿಲ್ಲ. ‘ನಿನ್ನ ಗಂಡನ ಅಂಗಡ್ಯಾಗ ಒಂದು ಡಬ್ಬಿ ಐತಿ, ಹುಡುಕಿ ಇಡು, ನಾಳೆ ಮಂದಿ ಬಂದು ಒಯ್ಯತಾರ. ಉಸ್ಮಾನನ ಹೇಳ್ಯಾನ’ ಅಂದ್ರು. ಹುಡುಕಿದೆ. ಸ್ಪ್ರಿಂಗ್ ತುಂಬಿಟ್ಟ ಡಬರಿ ಹಿಂದ ಸಿಕ್ತು. ನೋಡ್ರಿ!”

ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ಗುಲಾಬಿ ಬಣ್ಣದ ತೆಳು ಕಾಗದದ ಪೊಟ್ಟಣ.

ತಂಬಾಕು ಬೆಳೆಯುವ ನಿಪ್ಪಾಣಿಯಲ್ಲಿ ದ್ರಾಕ್ಷಿಗೆ ಸುತ್ತುವ ಕಾಗದಕ್ಕೆ ಏನು ಕೆಲಸ? ಭಾವುಸಾಹೇಬರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

ಪೊಟ್ಟಣದೊಳಗೆ ಒಂದು ಸೌಂಡ್ ಬಾಕ್ಸ್ ಇತ್ತು. ನಾನು ಅದನ್ನು ಬೆಳಕಿಗೆ ಹಿಡಿದೆ. ಹೊಸ ಸ್ಟೀಲ್ ತಾಟಿನಂತೆ ನೀಲಿ ಹೊಡೆಯಿತು. ಡಬ್ಬಿಯ ಅಂಚುಗಳೆಲ್ಲ ಚೂಪು, ಯಾರೂ ತಿಕ್ಕಿದ್ದಿಲ್ಲ. ಅಂಕಿಗಳು ಮಾತ್ರ ಸಾಬೂನಿನ ಅಕ್ಷರದಂತೆ ದುಂಡಗಿದ್ದವು.

“ಇದನ್ನ ಕೂಡಿಸಿ ಅಸಲೀದು ಬಿಚ್ಚಿ ಕೊಡು ಅಂತ ರಾಜಾರಾಮನ ಕೊಟ್ಟಿರಬೇಕು,” ಎಂದು ಭಾವುಸಾಹೇಬರು ನನಗಷ್ಟೇ ಕೇಳುವಂತೆ ಅಂದರು. “ಮುಂಬೈಯವರಿಗೆ ನಕಲಿ ಮಾರಿ ಅಸಲೀದು ಇಟ್ಕೊಳ್ಳಾಕ. ಉಸ್ಮಾನ ಕೂಡಿಸಲಿಲ್ಲ. ಕೂಡಿಸಿಲ್ಲ ಅಂದ್ರ ರಾಜಾರಾಮ ನಂಬಲಿಲ್ಲ, ಬ್ಯಾರೇ ಹಿತ್ತಾಳಿ ನಕಲಿ ಕೂಡಿಸಿ ಅಸಲೀದು ನುಂಗ್ಯಾನ ಅಂತ ತಿಳದ. ಇವತ್ತ ನಾವ ಹೋಗಿ ನಂಬಿಸಿ ಬಂದ್ವಿ. ಈಗ ಅಂವಗ ಈ ಸಾಕ್ಷಿ ಬೇಕು.”

ನಾವು ಕಾಗವಾಡ ಬಿಟ್ಟ ಮೇಲೆಯೇ ಫೋನು ಬಂದಿತ್ತು.

“ಬಾಯಿ,” ಶಹಜಾದಬಿ ನನ್ನ ಮೊಣಕೈ ಹಿಡಿದಳು. ಕೇಳಿದ್ದು ಭಾವುಸಾಹೇಬರನ್ನಲ್ಲ, ನನ್ನನ್ನು. “ಇದು ಅಸಲಿ ಐತಿ ಹೌದಿಲ್ಲ? ನಮ್ಮವರು ಕದ್ದಿಟ್ಟಾರ. ಪೊಲೀಸರಿಗೆ ಹೇಳ್ರಿ ಬೇಕಾದ್ರ, ಜೈಲಿಗೆ ಹಾಕಲಿ. ನಾ ಬುತ್ತಿ ಕಟಗೊಂಡು ಹೋಗ್ತೇನಿ. ಹೇಳ್ರಿ, ಅಸಲಿ ಐತೆಲ್ಲ?”

ನನಗೆ ಖಚಿತವಾಗಿ ಗೊತ್ತಿತ್ತು. ಇಷ್ಟು ಖಚಿತವಾಗಿ ನನ್ನ ಜೀವನದಲ್ಲಿ ನನಗೆ ಬೇರೇನೂ ಗೊತ್ತಿರಲಿಲ್ಲ.

“ನನಗ ಅಷ್ಟು ತಿಳಿಯೂದಿಲ್ಲ ಬೀ,” ಎಂದೆ.

“ತಿಳಿಯೂದಿಲ್ಲ ಅಂದ್ರ ಇರಬಹುದು,” ಎಂದಳು ಅವಳು. ಡಬ್ಬಿಯನ್ನು ತಿರುಗಿ ಗುಲಾಬಿ ಕಾಗದದಲ್ಲಿ ಕೂಸಿನ ಹಾಗೆ ಸುತ್ತಿದಳು. ನನ್ನ ಮುಷ್ಟಿಯಲ್ಲಿದ್ದ ಭಂಡಾರ ಬೆವರಿಗೆ ಹಸಿಯಾಗಿ ಬೆರಳಿಗೆ ಅಂಟಿತ್ತು. ಅಕ್ಕವ್ವ ಬಳೆಯ ಬಗ್ಗೆ ಹೇಳಿದ ಮಾತನ್ನು ನಾನು ಹೇಳಲಿಲ್ಲ.

ಉಸ್ಮಾನ ಬದುಕಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಹಿತ್ತಲ ಬಾಗಿಲಿನಾಚೆ ಏನಾಯಿತೆಂದು ಗೊತ್ತಿಲ್ಲ. ಫೋನು ಮಾಡಿದವರು ಯಾರು, ನಾಳೆ ಆ ಡಬ್ಬಿಗಾಗಿ ಅವಳ ಮನೆಗೆ ಬರುವವರು ಯಾರು ಎಂಬುದೂ ಗೊತ್ತಿಲ್ಲ. ಶಹಜಾದಬಿ ನನ್ನನ್ನು ನಿಜವಾಗಿ ನಂಬಿದಳೋ, ಅಥವಾ ನಾನು ಸುಳ್ಳು ಹೇಳಲೆಂದೇ ನನ್ನನ್ನು ಕೇಳಿದಳೋ, ಅದೂ ಗೊತ್ತಿಲ್ಲ.